ಕಳೆರಸದ ಲೆಕ್ಕ

ಜಾವಾ ದ್ವೀಪದ ಬೋಗೋರ್ ಸಸ್ಯೋದ್ಯಾನಕ್ಕೆ 1848ರಲ್ಲಿ ನಾಲ್ಕು ಎಣ್ಣೆತಾಳೆ ಸಸಿಗಳು ಬಂದವು. ಪಶ್ಚಿಮ ಆಫ್ರಿಕಾ ಈ ಮರದ ತವರು. ಆಗ್ನೇಯ ಏಷ್ಯಾದಲ್ಲಿ ಮೊದಮೊದಲು ಅದನ್ನು ದಾರಿಯ ಅಂಚಿಗೆ ಅಂದಕ್ಕೆಂದು ನೆಟ್ಟದ್ದೇ ಹೆಚ್ಚು. 1911ರಲ್ಲಿ ಸುಮಾತ್ರಾದಲ್ಲಿ ವಾಣಿಜ್ಯ ತೋಟ ಎದ್ದಿತು. ಇಂದು ಜಗತ್ತಿನಲ್ಲಿ ಅತಿ ಹೆಚ್ಚು ತಾಳೆಎಣ್ಣೆ ತೆಗೆಯುವ ದೇಶ ಇಂಡೊನೇಷ್ಯಾ.

ಅದೇ ಬೋಗೋರ್ ಉದ್ಯಾನಕ್ಕೆ 1949ರಲ್ಲಿ ಪರಾಗ್ವೆಯಿಂದ ಇನ್ನೊಂದು ಸಸ್ಯ ಬಂತು. ಹೃದಯದಾಕಾರದ ಎಲೆಯ, ಗೆಣ್ಣುಗೆಣ್ಣಿಗೂ ಬೇರುಬಿಡುವ ಮೈಕೇನಿಯಾ ಬಳ್ಳಿ ಅದು. ಔಷಧಿ ಗಿಡವೆಂದು ತಂದರು. 1956ರ ಹೊತ್ತಿಗೆ ರಬ್ಬರ್ ತೋಟಗಳಲ್ಲಿ ಮಣ್ಣು ಕೊಚ್ಚಿಹೋಗದಂತೆ ನೆಲಕ್ಕೆ ಹಬ್ಬಿಸಿದರು. ಅಲ್ಲಿಂದ ಮುಂದೆ ಅದು ಯಾರ ಹತೋಟಿಗೂ ಸಿಗಲಿಲ್ಲ. ಇಂದು ತಾಳೆ ತೋಟಗಳ ಬಹು ದೊಡ್ಡ ಕಳೆಗಳಲ್ಲಿ ಮೈಕೇನಿಯಾ ಒಂದು.

ಒಂದೇ ಉದ್ಯಾನದ ಮೂಲಕ ನಾಡಿಗೆ ಬಂದ ಮರವೂ ಬಳ್ಳಿಯೂ ಈಗ ಸುಮಾತ್ರಾದ ಸಣ್ಣ ರೈತನ ತೋಟದಲ್ಲಿ ಒಟ್ಟಿಗಿವೆ. ಅವುಗಳ ನಡುವೆ ಆತ ಶುಂಠಿ ಹಾಕುತ್ತಾನೆ. ಕಿತ್ತ ಕಳೆಯನ್ನು ಡ್ರಮ್ಮಿನಲ್ಲಿ ಕೊಳೆಸಿ, ಸೋಸಿ, ಆ ರಸವನ್ನು ಶುಂಠಿಗೆ ಎರೆಯುತ್ತಾನೆ. ಖರ್ಚಿಲ್ಲದೆ ಗೊಬ್ಬರ, ಜೊತೆಗೆ ಕಳೆಯ ವಿಲೇವಾರಿ. ಆ ರಸದಲ್ಲಿ ನಿಜಕ್ಕೂ ಎಷ್ಟು ಪೋಷಕಾಂಶವಿದೆ, ಅದರಿಂದ ಯಾವ ಕೆಲಸ ಆಗುತ್ತದೆ, ಯಾವುದು ಆಗುವುದಿಲ್ಲ ಎಂಬುದನ್ನು ಈ ಅಧ್ಯಾಯದಲ್ಲಿ ಲೆಕ್ಕ ಹಾಕಿ ನೋಡೋಣ.

ಮೂರು ವರ್ಷದ ಬಿಸಿಲು

ತಾಳೆ ಸಸಿಗಳನ್ನು ಸಾಮಾನ್ಯವಾಗಿ 9 ಮೀಟರ್ ಅಂತರದಲ್ಲಿ, ತ್ರಿಕೋನಾಕಾರದಲ್ಲಿ ನೆಡುತ್ತಾರೆ. ಹೆಕ್ಟೇರಿಗೆ 143 ಮರ. ಪ್ರತಿ ಮರದ ಬುಡದ ಸುತ್ತ 2 ಮೀಟರ್ ತ್ರಿಜ್ಯದ ವೃತ್ತವನ್ನು ಮರಕ್ಕೇ ಬಿಟ್ಟರೂ ಅಷ್ಟೂ ವೃತ್ತ ಸೇರಿ ಸುಮಾರು 1,800 ಚದರ ಮೀಟರ್, ಅಂದರೆ ಹೆಕ್ಟೇರಿನ ಶೇ. 18 ಮಾತ್ರ. ಉಳಿದ ಶೇ. 82 ಭಾಗ ಎಳೆಯ ತೋಟದಲ್ಲಿ ಬರಿದೇ ಬಿಸಿಲಿಗೆ ಬಿದ್ದಿರುತ್ತದೆ. ಬಿಸಿಲು, ಮಳೆ, ತೆರೆದ ಮಣ್ಣು ಮೂರೂ ಕೂಡಿದ ಕಡೆ ಕಳೆ ಬಾರದೆ ಇರುವುದಿಲ್ಲ.

ತಾಳೆ ಫಸಲಿಗೆ ಬರಲು ಸುಮಾರು ಮೂರು ವರ್ಷ ಬೇಕು. 25-30 ವರ್ಷಕ್ಕೆ ಮರ ಮುದಿಯಾಗುತ್ತದೆ, ಗೊನೆ ಕೊಯ್ಯಲು ನಿಲುಕದಷ್ಟು ಎತ್ತರವಾಗುತ್ತದೆ. ಆಗ ಅದನ್ನು ಕಡಿದು ಹೊಸದಾಗಿ ನೆಡಬೇಕು. ಇಂಡೊನೇಷ್ಯಾದ ತಾಳೆ ಪ್ರದೇಶದಲ್ಲಿ ಸುಮಾರು ಐದರಲ್ಲಿ ಎರಡು ಪಾಲು ಸಣ್ಣ ಹಿಡುವಳಿದಾರರದು. 1980-90ರ ದಶಕಗಳಲ್ಲಿ ನೆಟ್ಟ ಅವರ ಮರಗಳು ಮುದಿಯಾಗಿವೆ. ಮರುನಾಟಿಗೆ ನೆರವಾಗಲು ಅಲ್ಲಿನ ಸರ್ಕಾರ 2017ರಲ್ಲಿ ದೇಶವ್ಯಾಪಿ ಕಾರ್ಯಕ್ರಮವನ್ನೂ ಆರಂಭಿಸಿತು. ಸಸಿ ಸಿಕ್ಕರೂ ಸಣ್ಣ ರೈತನ ದೊಡ್ಡ ಚಿಂತೆ ಬೇರೆಯೇ: ಮೊದಲ ಗೊನೆ ಬರುವ ತನಕ ಮೂರು ವರ್ಷ ಮನೆ ನಡೆಯುವುದು ಹೇಗೆ?

ಅದಕ್ಕೆ ಉತ್ತರ ಅಂತರಬೆಳೆ. ಅಲ್ಲಿನವರು ಅದನ್ನು ತುಂಪಾಂಗ್ ಸಾರಿ ಎನ್ನುತ್ತಾರೆ. ಮೆಕ್ಕೆಜೋಳ, ಮಳೆಯಾಶ್ರಿತ ಭತ್ತ, ಕಡಲೆಕಾಯಿ, ಶುಂಠಿ ಎಲ್ಲವನ್ನೂ ಸಾಲುಗಳ ನಡುವೆ ಹಾಕುತ್ತಾರೆ. ಇವುಗಳಲ್ಲಿ ಶುಂಠಿಗೆ ಒಂದು ಹೆಚ್ಚುಗಾರಿಕೆ ಇದೆ. ಕಾಲುಭಾಗದಷ್ಟು ನೆರಳನ್ನು ಅದು ಸಹಿಸುತ್ತದೆ ಮಾತ್ರವಲ್ಲ, ಸುಡುಬಿಸಿಲಿಗಿಂತ ಅದನ್ನೇ ಇಷ್ಟಪಡುತ್ತದೆ. ಎಂಟೊಂಬತ್ತು ತಿಂಗಳಿಗೆ ಕೀಳಬಹುದು. ಬೆಲೆ ಕುಸಿದರೆ ಕೆಲವು ಕಾಲ ಮಣ್ಣಿನಲ್ಲೇ ಬಿಡಬಹುದು. ಇಂಡೊನೇಷ್ಯಾದಲ್ಲಿ ಮೂರು ಬಗೆಯ ಶುಂಠಿ ಬಳಕೆಯಲ್ಲಿದೆ: ಜಾಹೆ ಗಾಜಾ ಎಂಬ ದಪ್ಪ ಬಿಳಿ ಶುಂಠಿ, ಜಾಹೆ ಎಂಪ್ರಿತ್ ಎಂಬ ಸಣ್ಣ ಬಿಳಿ ಶುಂಠಿ, ಔಷಧಿಗೆಂದು ಬೇಡಿಕೆಯಿರುವ ಜಾಹೆ ಮೇರಾ ಎಂಬ ಕೆಂಪು ಶುಂಠಿ.

ವರ್ಷ ಕಳೆದಂತೆ ತಾಳೆಯ ಗರಿಗಳು ಒಂದಕ್ಕೊಂದು ತಾಗಿ ಕೆಳಗೆ ದಟ್ಟ ನೆರಳು ಕವಿಯುತ್ತದೆ. ಅಷ್ಟು ನೆರಳಲ್ಲಿ ಶುಂಠಿಗೆ ಎಲೆ ಬಂದೀತು, ಗೆಡ್ಡೆ ಕಟ್ಟದು. ಹಾಗಾಗಿ ಈ ಜೊತೆಬೆಳೆ ಮುಖ್ಯವಾಗಿ ಮೊದಲ ಮೂರು ವರ್ಷದ ಮಾತು. ಕಳೆಯ ಕಾಟ ಹೆಚ್ಚಿರುವುದೂ ಆ ಮೂರು ವರ್ಷವೇ.

ಕಳೆಯ ಮೈಯಲ್ಲಿ ಏನಿದೆ

ಸುಮಾತ್ರಾದ ಬಹುಪಾಲು ತಾಳೆ ನೆಲ ಕೆಂಪು-ಹಳದಿ ಹುಳಿಮಣ್ಣು. ರಸಸಾರ 4ರಿಂದ 5ರ ಆಸುಪಾಸು. ವರ್ಷಕ್ಕೆ 2,000 ಮಿಲಿಮೀಟರಿಗೂ ಮೀರಿ ಸುರಿಯುವ ಮಳೆ ಸಾವಿರಾರು ವರ್ಷಗಳಿಂದ ಅದನ್ನು ತೊಳೆಯುತ್ತ ಬಂದಿದೆ. ಕ್ಯಾಲ್ಸಿಯಂ, ಮೆಗ್ನೀಸಿಯಂ, ಪೊಟ್ಯಾಸಿಯಂ ಕೊಚ್ಚಿಹೋಗಿ ಕಬ್ಬಿಣ, ಅಲ್ಯುಮಿನಿಯಂ ಉಳಿದಿವೆ. ಕರಗುವ ಗೊಬ್ಬರವನ್ನು ಹಿಡಿದಿಟ್ಟುಕೊಳ್ಳುವ ಶಕ್ತಿ ಇಂಥ ಮಣ್ಣಿಗೆ ಕಡಿಮೆ. ಒಂದೇ ಬಾರಿಗೆ ಸುರಿದರೆ ಬೇರು ಹೀರುವ ಮೊದಲೇ ಮಳೆ ಅದನ್ನು ಕೆಳಗಿಳಿಸುತ್ತದೆ.

ಇಂಥ ನೆಲದಲ್ಲೂ ಕಳೆ ಹುಲುಸಾಗಿ ಬೆಳೆಯುತ್ತದೆ. ಬೇಗ ಮೊಳೆತು, ಬೇಗ ಬೇರು ಹರಡಿ, ಮಳೆ ಒಯ್ಯುವ ಮೊದಲೇ ಸಿಕ್ಕಿದ್ದನ್ನು ಹೀರಿಕೊಳ್ಳುವುದು ಅದರ ಗುಣ. ಎಳೆ ಶುಂಠಿಗೆ ಇದು ಪೈಪೋಟಿ ನಿಜ. ಆದರೆ ಮಣ್ಣಿನಿಂದ ಜಾರಿಹೋಗಬಹುದಾಗಿದ್ದ ಪೋಷಕಾಂಶ ಕಳೆಯ ಮೈಯಲ್ಲಿ ಹಸಿರಾಗಿ ನಿಂತಿದೆ ಎಂಬುದೂ ಅಷ್ಟೇ ನಿಜ.

ಎಷ್ಟು ನಿಂತಿದೆ ಎಂಬುದು ಗಿಡದಿಂದ ಗಿಡಕ್ಕೆ ಬೇರೆ. ಮೆಕ್ಸಿಕೊ ಮೂಲದ ಟಿತೋನಿಯಾ ಎಂಬ ಕಾಡುಸೂರ್ಯಕಾಂತಿ ಈ ವಿಷಯದಲ್ಲಿ ಹೆಸರುವಾಸಿ. ಆಫ್ರಿಕಾದ ಕೀನ್ಯಾದಲ್ಲಿ ಇದರ ಬಗ್ಗೆ ವಿವರವಾದ ಸಂಶೋಧನೆ ನಡೆದಿದೆ. ಅದರ ಒಣಎಲೆಯಲ್ಲಿ ಸರಾಸರಿ ಶೇ. 3.5 ಸಾರಜನಕ, ಶೇ. 0.37 ರಂಜಕ, ಶೇ. 4.1 ಪೊಟ್ಯಾಸಿಯಂ ಇದೆ. ಮೈಕೇನಿಯಾ, ಕ್ರೋಮೋಲೀನಾ, ಅಜೆರಾಟಂ ಮುಂತಾದ ಅಗಲ ಎಲೆಯ ಎಳೆಯ ಕಳೆಗಳೂ ಪರವಾಗಿಲ್ಲ. ದರ್ಭೆಯ ಜಾತಿಯ ಒರಟು ಹುಲ್ಲುಗಳಲ್ಲಿ ನಾರು ಹೆಚ್ಚು, ಸಾರಜನಕ ಕಡಿಮೆ. ಗಿಡ ಬಲಿತಷ್ಟೂ ನಾರು ಏರುತ್ತದೆ, ಸಾರ ಇಳಿಯುತ್ತದೆ. ರಸಕ್ಕೆ ಕಳೆ ಕೀಳುವುದು ಹೂ ಬರುವ ಮೊದಲೇ ಆಗಬೇಕೆಂಬುದಕ್ಕೆ ಇದು ಮೊದಲ ಕಾರಣ.

ಡ್ರಮ್ಮಿನೊಳಗಿನ ಕೆಲಸ

ಮಾಡುವ ಬಗೆ ಸರಳ. ಕಳೆಯನ್ನು ಸಣ್ಣಗೆ ಕೊಚ್ಚಿ ಡ್ರಮ್ಮಿಗೆ ತುಂಬುತ್ತಾರೆ. ನೀರು, ಕಾಕಂಬಿ ಅಥವಾ ಬೆಲ್ಲ, ಅಕ್ಕಿ ತೊಳೆದ ನೀರು, ಕೆಲವೆಡೆ ಎಳನೀರು ಸೇರಿಸುತ್ತಾರೆ. ಹೆಪ್ಪಿಗೆ ಇಎಂ4 ಎಂಬ ಸೂಕ್ಷ್ಮಜೀವಿ ದ್ರಾವಣ. ಜಪಾನಿನ ಒಕಿನಾವಾದ ರ್ಯೂಕ್ಯೂ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಿದ್ದ ತೆರುವೊ ಹಿಗಾ ರೂಪಿಸಿದ ಇಎಂ ತಂತ್ರದಿಂದ ಬಂದದ್ದು ಇದು. ಇಂಡೊನೇಷ್ಯಾದ ಹಳ್ಳಿ ಅಂಗಡಿಗಳಲ್ಲೂ ಇದರ ಬಾಟಲಿ ಸಿಗುತ್ತದೆ. ಮುಚ್ಚಳ ಬಿಗಿದು, ಒಂದು ಸಣ್ಣ ಪೈಪನ್ನು ಹೊರಗಿನ ನೀರಿನ ಬಾಟಲಿಗೆ ಇಳಿಬಿಟ್ಟರೆ ಒಳಗಿನ ಅನಿಲ ಹೊರಹೋಗುತ್ತದೆ, ಹೊರಗಿನ ಗಾಳಿ ಒಳಬರುವುದಿಲ್ಲ. ಎರಡು ವಾರದ ಹೊತ್ತಿಗೆ ರಸ ಸಿದ್ಧ.

ಈ ಎರಡು ವಾರದಲ್ಲಿ ಮೊದಲು ಕೆಲಸಕ್ಕಿಳಿಯುವುದು ಲ್ಯಾಕ್ಟಿಕ್ ಬ್ಯಾಕ್ಟೀರಿಯಾ ಮತ್ತು ಯೀಸ್ಟ್. ಸಕ್ಕರೆ ತಿಂದು ಅವು ಆಮ್ಲ ಬಿಡುತ್ತವೆ, ರಸಸಾರ 4ರ ಸುತ್ತ ಇಳಿಯುತ್ತದೆ. ಈ ಹುಳಿಯಿಂದ ಎರಡು ಲಾಭ. ಕೊಳೆತ ನಾತ ಹುಟ್ಟಿಸುವ ಬ್ಯಾಕ್ಟೀರಿಯಾಗಳು ತಲೆಯೆತ್ತಲಾರವು. ಎರಡನೆಯದು, ಪ್ರೋಟೀನು ಒಡೆದು ಬಿಡುಗಡೆಯಾದ ಸಾರಜನಕ ಅಮೋನಿಯಾ ಅನಿಲವಾಗಿ ಹಾರದೆ ಅಮೋನಿಯಂ ರೂಪದಲ್ಲಿ ನೀರಿನಲ್ಲೇ ಉಳಿಯುತ್ತದೆ. ಡ್ರಮ್ ತೆರೆದಾಗ ಹುಳಿಹುಳಿ ವಾಸನೆ ಬಂದರೆ ಹದ ಸರಿಯಿದೆ. ಮೂಗಿಗೆ ರಾಚುವ ಅಮೋನಿಯಾ ಅಥವಾ ಕೊಳೆತ ಮೊಟ್ಟೆಯ ನಾತ ಬಂದರೆ ಸಾರಜನಕ, ಗಂಧಕ ಗಾಳಿಪಾಲಾಗುತ್ತಿವೆ ಎಂದರ್ಥ.

ಎಲ್ಲ ಪೋಷಕಾಂಶಗಳೂ ಒಂದೇ ವೇಗದಲ್ಲಿ ಹೊರಬರುವುದಿಲ್ಲ. ಪೊಟ್ಯಾಸಿಯಂ ಗಿಡದ ಯಾವ ಅಂಗರಚನೆಗೂ ಅಂಟಿಕೊಂಡಿರುವುದಿಲ್ಲ, ಜೀವಕೋಶದ ರಸದಲ್ಲಿ ಅಯಾನಾಗಿ ತೇಲುತ್ತಿರುತ್ತದೆ. ಕೋಶದ ಪೊರೆ ಹರಿದರೆ ಸಾಕು, ಬಿಸಿನೀರಿಗೆ ಬಿದ್ದ ಚಹಾಪುಡಿ ಬಣ್ಣ ಬಿಡುವ ಹಾಗೆ ಕೆಲವೇ ದಿನದಲ್ಲಿ ನೀರಿಗಿಳಿಯುತ್ತದೆ. ಸಾರಜನಕ ಪ್ರೋಟೀನಿನಲ್ಲಿ ಸೇರಿಕೊಂಡಿದೆ. ಸೂಕ್ಷ್ಮಜೀವಿಗಳು ಅದನ್ನು ತುಂಡರಿಸಬೇಕು, ಅದರಲ್ಲಿ ಒಂದು ಪಾಲನ್ನು ತಮ್ಮ ಮೈಗೂ ಕಟ್ಟಿಕೊಳ್ಳುತ್ತವೆ. ಕ್ಯಾಲ್ಸಿಯಂ ಕೋಶಗೋಡೆಯ ಪೆಕ್ಟಿನಿಗೆ ಬಿಗಿದುಕೊಂಡಿದೆ, ಅದು ಇನ್ನೂ ನಿಧಾನ. ಹಾಗಾಗಿ ಎರಡು ವಾರದ ಕಳೆರಸ ಬಹುಮಟ್ಟಿಗೆ ಪೊಟ್ಯಾಷ್ ನೀರು, ಜೊತೆಗೆ ಒಂದಿಷ್ಟು ಸಾರಜನಕ. ಉಳಿದ ಸಾರಜನಕ, ಕ್ಯಾಲ್ಸಿಯಂ, ನಾರು ಎಲ್ಲವೂ ಸೋಸಿದ ಹಿಪ್ಪೆಯಲ್ಲಿವೆ. ಹಿಪ್ಪೆ ಎಸೆದವನು ಗೊಬ್ಬರದ ದೊಡ್ಡ ಪಾಲನ್ನೇ ಎಸೆದ ಹಾಗೆ.

350 ಡ್ರಮ್

ಈಗ ಲೆಕ್ಕ. 200 ಲೀಟರಿನ ಡ್ರಮ್ಮಿಗೆ 40 ಕಿಲೋ ಹಸಿ ಕಳೆ ಹಾಕಿದೆವು ಎನ್ನಿ. ಎಳೆಯ ಸೊಪ್ಪಿನಲ್ಲಿ ಶೇ. 85ರಷ್ಟು ನೀರೇ, ಒಣತೂಕ 6 ಕಿಲೋ. ಅಷ್ಟೂ ಟಿತೋನಿಯಾದಂಥ ಸಾರವುಳ್ಳ ಸೊಪ್ಪೇ ಎಂದು ಧಾರಾಳವಾಗಿ ಎಣಿಸಿದರೂ ಅದರಲ್ಲಿರುವುದು 210 ಗ್ರಾಂ ಸಾರಜನಕ, ಸುಮಾರು 22 ಗ್ರಾಂ ರಂಜಕ, 246 ಗ್ರಾಂ ಪೊಟ್ಯಾಸಿಯಂ. ಪೂರ್ತಿ ನೀರಿಗಿಳಿಯಿತು ಎಂದುಕೊಂಡರೂ 160 ಲೀಟರ್ ರಸದಲ್ಲಿ ಸಾರಜನಕದ ಪ್ರಮಾಣ ಶೇ. 0.13.

ಶುಂಠಿಗೆ ಕೇರಳದಲ್ಲಿ ಶಿಫಾರಸು ಮಾಡುವ ಪ್ರಮಾಣ ಹೆಕ್ಟೇರಿಗೆ 75 ಕಿಲೋ ಸಾರಜನಕ, 50 ಕಿಲೋ ರಂಜಕ, 50 ಕಿಲೋ ಪೊಟ್ಯಾಷ್. ಅದಲ್ಲದೆ 25-30 ಟನ್ ಕೊಟ್ಟಿಗೆ ಗೊಬ್ಬರ. 75 ಕಿಲೋ ಸಾರಜನಕವನ್ನು ಕಳೆರಸದಿಂದಲೇ ಕೊಡಬೇಕೆಂದರೆ 350ಕ್ಕೂ ಹೆಚ್ಚು ಡ್ರಮ್ ಬೇಕು, 14 ಟನ್ನಿಗೂ ಹೆಚ್ಚು ಹಸಿ ಸೊಪ್ಪು ಬೇಕು. ತಾಳೆ ಸಾಲಿನ ನಡುವೆ ಶುಂಠಿಗೆ ಅರ್ಧ ಜಾಗವಷ್ಟೇ ಸಿಕ್ಕೀತು ಎಂದರೂ 175ಕ್ಕೂ ಹೆಚ್ಚು ಡ್ರಮ್. ಕೊಚ್ಚುವ, ಹೊರುವ, ಸೋಸುವ ಕೂಲಿಯನ್ನು ರೈತ ಕುಟುಂಬ ತನ್ನ ಮೈಯಿಂದಲೇ ಕೊಡಬೇಕು.

ಇಂಡೊನೇಷ್ಯಾದ ಕೃಷಿ ಸಚಿವಾಲಯ 2019ರಲ್ಲಿ ದ್ರವರೂಪದ ಸಾವಯವ ಗೊಬ್ಬರಕ್ಕೆ ನಿಗದಿ ಮಾಡಿದ ಮಾನದಂಡದಂತೆ ಸಾರಜನಕ, ರಂಜಕ, ಪೊಟ್ಯಾಷ್ ಮೂರೂ ಸೇರಿ ಕನಿಷ್ಠ ಶೇ. 2 ಇರಬೇಕು. ನಮ್ಮ ಧಾರಾಳದ ಲೆಕ್ಕದಲ್ಲೂ ಮನೆಯ ಡ್ರಮ್ಮಿನ ರಸ ಶೇ. 0.35ನ್ನು ದಾಟುವುದಿಲ್ಲ. ಸ್ವಂತ ತೋಟಕ್ಕೆ ಎರೆಯಲು ಇದು ಅಡ್ಡಿಯಲ್ಲ. ಇದೊಂದೇ ಸಾಕು ಎಂದು ನಂಬಿ ಬೇರೆ ಗೊಬ್ಬರವನ್ನೆಲ್ಲ ಬಿಟ್ಟರೆ ಮಾತ್ರ ಶುಂಠಿ ಬಡವಾಗುತ್ತದೆ.

ಇನ್ನೊಂದು ಅಂಕಿಯನ್ನು ಪಕ್ಕದಲ್ಲಿಡಿ. ಶುಂಠಿ ನಾಟಿಯಾದ ಕೂಡಲೇ ಹೆಕ್ಟೇರಿಗೆ 10-12 ಟನ್ ಹಸಿರೆಲೆ ಹೊದಿಸಬೇಕು, ಸುಮಾರು 40 ಮತ್ತು 90ನೇ ದಿನ ಮತ್ತೆ ಹೊದಿಸಬೇಕು ಎಂಬುದು ನಮ್ಮಲ್ಲಿ ಬಹುಕಾಲದಿಂದ ಇರುವ ಶಿಫಾರಸು. 350 ಡ್ರಮ್ಮಿಗೆ ಬೇಕಾದ 14 ಟನ್ ಸೊಪ್ಪು ಈ ಮೊದಲ ಹೊದಿಕೆಯ ಸೊಪ್ಪಿಗಿಂತ ತುಸು ಹೆಚ್ಚೇ ಇದೆ! ಹೊದಿಸಿದ ಸೊಪ್ಪು ತಿಂಗಳುಗಟ್ಟಲೆ ನಿಧಾನವಾಗಿ ಕರಗಿ ಅದೇ ಸಾರವನ್ನು ಅದೇ ಮಣ್ಣಿಗೆ ಕೊಡುತ್ತದೆ. ಮೇಲಾಗಿ ಮಳೆಹನಿಯ ಹೊಡೆತ ತಡೆಯುತ್ತದೆ, ತೇವ ಉಳಿಸುತ್ತದೆ, ಹೊಸ ಕಳೆ ಮೊಳೆಯದಂತೆ ನೆಲ ಮುಚ್ಚುತ್ತದೆ. ಕಳೆಯ ಬಹುಪಾಲು ಹೋಗಬೇಕಾದ್ದು ಹೊದಿಕೆಗೆ. ಡ್ರಮ್ಮಿಗೆ ಸ್ವಲ್ಪ ಸಾಕು.

ಹಾಗಾದರೆ ರಸ ಯಾಕೆ ಬೇಕು

ಹೊದಿಕೆಗೆ ಒಂದು ಮಿತಿಯಿದೆ. ಅದು ಯಾವಾಗ ಎಷ್ಟು ಕೊಡುತ್ತದೆ ಎಂಬುದು ರೈತನ ಕೈಯಲ್ಲಿಲ್ಲ. ಮಳೆ, ಸೆಕೆ, ಸೂಕ್ಷ್ಮಜೀವಿಗಳ ಕೈಯಲ್ಲಿದೆ. ಶುಂಠಿಯ ಹಸಿವಾದರೋ ಬೆಳೆಯುವ ಹಂತಕ್ಕೆ ತಕ್ಕಂತೆ ಬದಲಾಗುತ್ತದೆ. ಮೊದಲ ತಿಂಗಳು ಅದು ಬಿತ್ತನೆ ಗೆಡ್ಡೆಯ ಸಂಗ್ರಹದಿಂದಲೇ ಬದುಕುತ್ತದೆ. ಎರಡರಿಂದ ನಾಲ್ಕನೇ ತಿಂಗಳ ನಡುವೆ ಹಿಳ್ಳುಗಳು ಒಡೆದು ಎಲೆ ಹರಡುವಾಗ ಸಾರಜನಕದ ಬೇಡಿಕೆ ಜೋರು. ಆಮೇಲೆ ಗೆಡ್ಡೆ ತುಂಬುವಾಗ ಪೊಟ್ಯಾಷಿನ ಸರದಿ. ಅದರ ಬೇರು ಆಳಕ್ಕಿಳಿಯುವುದಿಲ್ಲ, ಮೇಲ್ಮಣ್ಣಿನಲ್ಲೇ ಹರಡಿಕೊಂಡಿರುತ್ತದೆ.

ತೊಳೆದುಹೋಗುವ ಹುಳಿಮಣ್ಣು, ಮೇಲುಮೇಲಿನ ಬೇರು, ಹಂತಹಂತದ ಹಸಿವು. ಈ ಮೂರನ್ನು ಒಟ್ಟಿಗಿಟ್ಟು ನೋಡಿದರೆ ಕಳೆರಸದ ನಿಜವಾದ ಕೆಲಸ ಕಾಣುತ್ತದೆ. ಸ್ವಲ್ಪಸ್ವಲ್ಪವಾಗಿ, ಪದೇಪದೇ, ಬೇಕಾದ ವಾರಕ್ಕೆ, ಬೇರಿರುವ ಜಾಗಕ್ಕೇ ಕೊಡಬಹುದಾದ ಪೋಷಣೆ ಅದು. ಒಂದಕ್ಕೆ ಹತ್ತು ಪಾಲು ನೀರು ಬೆರೆಸಿ, ಎರಡನೇ ತಿಂಗಳಿಂದ ಎರಡು ವಾರಕ್ಕೊಮ್ಮೆ ಬುಡಕ್ಕೆ ಎರೆದರೆ ಪ್ರತಿ ಬಾರಿಯೂ ಕೊಡುವ ಸಾರ ಕಡಿಮೆಯೇ. ಆದರೆ ಮಳೆ ಒಯ್ಯುವುದೂ ಕಡಿಮೆ. ತಾಳೆಯ ಬುಡದಿಂದ ಎರಡು ಮೀಟರ್ ಆಚೆಗೆ ಶುಂಠಿ ಮಡಿ ಇದ್ದರೆ ಎರಡರ ಬೇರೂ ಬೇಗನೆ ಹೆಣೆದುಕೊಳ್ಳುವುದಿಲ್ಲ.

ರಸ ಎರೆದ ಮಡಿ ಚೆನ್ನಾಗಿ ಬಂದಿತೆಂದ ಮಾತ್ರಕ್ಕೆ ಕಾರಣ ಕಳೆಯೇ ಎಂದು ಹೇಳಲಾಗದು. ಬಿಸಿಲಿನ ವಾರದಲ್ಲಿ ಬಿದ್ದ ನೀರೇ ಕಾರಣವಿರಬಹುದು, ಕಾಕಂಬಿಯಲ್ಲಿರುವ ಪೊಟ್ಯಾಷ್ ಇರಬಹುದು. ತಿಳಿಯಬೇಕೆಂದರೆ ನಾಲ್ಕು ಮಡಿ ಬೇಕು: ಬರೀ ನೀರು ಎರೆದದ್ದು, ಕಳೆಯಿಲ್ಲದೆ ಹುದುಗಿಸಿದ ಕಾಕಂಬಿ ನೀರು ಎರೆದದ್ದು, ಕಳೆರಸ ಎರೆದದ್ದು, ಅಷ್ಟೇ ಕಳೆಯನ್ನು ಹೊದಿಕೆಯಾಗಿ ಹಾಸಿದ್ದು. ನಾಲ್ಕರ ಗೆಡ್ಡೆಯನ್ನೂ ತೂಗಿ ನೋಡಬೇಕು. ಒಂದೇ ಸಾಲಿನಲ್ಲಿ ಮಾಡಿದರೆ ಇಳಿಜಾರು, ನೆರಳು ಫಲಿತಾಂಶವನ್ನು ಕೆಡಿಸುತ್ತವೆ. ತೋಟದ ಮೂರು ಕಡೆ ಇದನ್ನೇ ಮರುಕಳಿಸಬೇಕು. ಪ್ಲಾಸ್ಟಿಕ್ ಚೀಲದಲ್ಲಿ ಬೆಳೆದ ಶುಂಠಿಯ ಫಲಿತಾಂಶವನ್ನು ಹೊಲಕ್ಕೆ ನೇರ ಒಯ್ಯಲಾಗದು, ಏಕೆಂದರೆ ಚೀಲದ ಹಿಡಿ ಮಣ್ಣಿನಲ್ಲಿ ಸಣ್ಣ ಪ್ರಮಾಣದ ಗೊಬ್ಬರವೂ ದೊಡ್ಡ ಬದಲಾವಣೆ ತೋರುತ್ತದೆ.

ತಪ್ಪಿಸಬೇಕಾದ ಅಪಾಯಗಳು

ಬೀಜ ಮೊದಲ ಅಪಾಯ. ಹೂ ಬಿಟ್ಟ ಕಳೆಯನ್ನು ಹಾಕಿದರೆ ಹಿಪ್ಪೆಯ ಜೊತೆ ಬೀಜವೂ ಮಡಿ ಸೇರುತ್ತದೆ. ಮೈಕೇನಿಯಾದ ವಿಷಯದಲ್ಲಿ ಡ್ರಮ್ಮಿಗೆ ಒಂದು ವಿಶೇಷ ಲಾಭವಿದೆ. ಹೊಲದಲ್ಲೇ ಕೊಚ್ಚಿ ಬಿಟ್ಟರೆ ಗೆಣ್ಣಿರುವ ಪ್ರತಿ ತುಂಡೂ ಹೊಸ ಬಳ್ಳಿಯಾಗುತ್ತದೆ, ಎರಡು ವಾರ ಗಾಳಿಯಿಲ್ಲದೆ ಹುಳಿನೀರಿನಲ್ಲಿ ಮುಳುಗಿದ ತುಂಡು ಚಿಗುರುವುದಿಲ್ಲ. ಹೊದಿಕೆಗೆ ಹಾಕುವ ಮುನ್ನ ಮೈಕೇನಿಯಾವನ್ನು ಬಂಡೆಯ ಮೇಲೋ ಟಾರ್ಪಾಲಿನ ಮೇಲೋ ಬಾಡಿಸಿ ಒಣಗಿಸಬೇಕು.

ಕಳೆನಾಶಕ ಹೊಡೆದ ತೋಟದ ಕಳೆ ರಸಕ್ಕೆ ಬೇಡ. ಹುದುಗಿಸಿದರೆ ವಿಷವೆಲ್ಲ ಕರಗುತ್ತದೆ ಎಂಬ ಭರವಸೆ ಇಟ್ಟುಕೊಳ್ಳಲಾಗದು.

ಮೂರನೆಯದು ರೋಗ. ಶುಂಠಿಗೆ ದುಂಡಾಣು ಸೊರಗು ರೋಗ ತರುವ ರಾಲ್‌ಸ್ಟೋನಿಯಾ ಬ್ಯಾಕ್ಟೀರಿಯಾ ಹಲವು ಕಳೆಗಳ ಬೇರಿನಲ್ಲೂ ಬದುಕಬಲ್ಲದು. ಸೊರಗು ಅಥವಾ ಗೆಡ್ಡೆಕೊಳೆ ಬಂದ ಮಡಿಯ ಕಳೆಯನ್ನೂ ಮಣ್ಣುಮೆತ್ತಿದ ಬೇರನ್ನೂ ಡ್ರಮ್ಮಿಗೆ ಹಾಕಿದರೆ ರೋಗವನ್ನು ತೋಟದ ತುಂಬ ಹಂಚಿದ ಹಾಗಾಗುತ್ತದೆ. ಆರೋಗ್ಯವಾದ ಜಾಗದ ಸೊಪ್ಪನ್ನು ನೆಲದಿಂದ ಮೇಲಕ್ಕೆ ಕತ್ತರಿಸಿ ತರುವುದೇ ಲೇಸು.

ನಾಲ್ಕನೆಯದು ಕಳೆಯ ಸ್ವಂತ ರಸಾಯನಗಳು. ಮೈಕೇನಿಯಾ, ಕ್ರೋಮೋಲೀನಾ ಎರಡೂ ನೆರೆಯ ಗಿಡಗಳ ಮೊಳಕೆಯನ್ನು ತಡೆಯುವ ಫೀನಾಲ್ ಜಾತಿಯ ವಸ್ತುಗಳನ್ನು ಬಿಡುತ್ತವೆ. ಹುದುಗುವಾಗ ಇವು ಒಂದು ಮಟ್ಟಿಗೆ ಒಡೆಯುತ್ತವೆ. ಪರೀಕ್ಷೆ ಮನೆಯಲ್ಲೇ ಸಾಧ್ಯ. ಹತ್ತು ಪಾಲು ನೀರು ಬೆರೆಸಿದ ರಸದಲ್ಲಿ ಒದ್ದೆ ಮಾಡಿದ ಬಟ್ಟೆಯಲ್ಲಿ 20 ಹೆಸರುಕಾಳು, ಬರೀ ನೀರಿನ ಬಟ್ಟೆಯಲ್ಲಿ 20 ಹೆಸರುಕಾಳು ಕಟ್ಟಿಡಿ. ಮೂರು ದಿನದ ಮೇಲೆ ಎರಡರ ಮೊಳಕೆಯೂ ಬೇರಿನ ಉದ್ದವೂ ಒಂದೇ ಸಮ ಇದ್ದರೆ ರಸ ಬಳಸಲು ಯೋಗ್ಯ. ಬೇರು ಮೊಟಕಾಗಿದ್ದರೆ ಇನ್ನೂ ಒಂದು ವಾರ ಹುದುಗಲು ಬಿಡಿ ಅಥವಾ ಹೆಚ್ಚು ನೀರು ಬೆರೆಸಿ.

ನಮ್ಮ ನೆಲದಲ್ಲಿ

ಇದು ಸುಮಾತ್ರಾದ ರೈತರಿಗಷ್ಟೇ ಸೇರಿದ ವಿಷಯವಲ್ಲ. 2021ರ ಆಗಸ್ಟಿನಲ್ಲಿ ಕೇಂದ್ರ ಸರ್ಕಾರ 11,040 ಕೋಟಿ ರೂಪಾಯಿಯ ಎಣ್ಣೆತಾಳೆ ಅಭಿಯಾನಕ್ಕೆ ಒಪ್ಪಿಗೆ ಕೊಟ್ಟಿತು. ದಾವಣಗೆರೆ, ಶಿವಮೊಗ್ಗ, ಮೈಸೂರು, ಚಾಮರಾಜನಗರದ ಕಡೆ ತಾಳೆ ತೋಟಗಳಿವೆ. ಶುಂಠಿಯಂತೂ ಹಾಸನ, ಕೊಡಗು, ಮೈಸೂರು, ಶಿವಮೊಗ್ಗಗಳ ಪ್ರಮುಖ ಬೆಳೆ. ಮಲೆನಾಡಿನ ಜಂಬಿಟ್ಟಿಗೆ ಮಣ್ಣೂ ಹುಳಿಯೇ, ಅದೂ ಮಳೆಗೆ ತೊಳೆದುಹೋಗುವಂಥದ್ದೇ. ಕ್ರೋಮೋಲೀನಾವನ್ನು ನಮ್ಮ ರೈತರು ಯುಪಟೋರಿಯಂ ಎಂದೇ ಬಲ್ಲರು. ಅಡಿಕೆ ತೋಟಕ್ಕೆ ಸೊಪ್ಪಿನ ಬೆಟ್ಟದಿಂದ ಸೊಪ್ಪು ತಂದು ಹಾಸುವ ಪದ್ಧತಿ, ಜೀವಾಮೃತದ ಡ್ರಮ್ಮು ಎರಡೂ ನಮ್ಮಲ್ಲಿವೆ.

ಕೆಲವು ವ್ಯತ್ಯಾಸಗಳೂ ಇವೆ. ಸುಮಾತ್ರಾದಲ್ಲಿ ಮಳೆ ವರ್ಷದ ಬಹುಪಾಲು ಬೀಳುತ್ತದೆ. ನಮ್ಮಲ್ಲಿ ಬೇಸಿಗೆಯಲ್ಲಿ ತಾಳೆಗೂ ಶುಂಠಿಗೂ ನೀರು ಹಾಯಿಸಬೇಕು. ಹನಿ ನೀರಾವರಿಯ ಪೈಪಿಗೆ ಕಳೆರಸ ಬಿಡುವುದಾದರೆ ಬಟ್ಟೆಯಲ್ಲಿ ಎರಡು ಸಲ ಸೋಸದಿದ್ದರೆ ಹನಿರಂಧ್ರ ಕಟ್ಟಿಕೊಳ್ಳುತ್ತದೆ. ಕೊಳೆರೋಗದ ಭಯಕ್ಕೆ ನಮ್ಮ ಬೆಳೆಗಾರರು ವರ್ಷವರ್ಷ ಹೊಸ ನೆಲ ಹುಡುಕಿಕೊಂಡು ಹೋಗುವುದುಂಟು. ತಾಳೆಯ ನಡುವೆಯೂ ಆ ಎಚ್ಚರ ಬೇಕು. ಶುಂಠಿ ಹಾಕಿದ ಸಾಲಿಗೆ ಮರುವರ್ಷವೇ ಶುಂಠಿ ಬೇಡ, ಮೂರು ವರ್ಷಕ್ಕೆ ಮೂರು ಸಾಲು ಬದಲಾಗಲಿ.

ಕಳೆ ಹೊಸ ಸಂಪತ್ತನ್ನು ಹುಟ್ಟಿಸುವುದಿಲ್ಲ, ತೋಟದೊಳಗೆ ಇದ್ದದ್ದನ್ನೇ ತಿರುಗಿಸುತ್ತದೆ. ಒಂದು ಟನ್ ತಾಳೆಗೊನೆಯ ಜೊತೆ ಸುಮಾರು 3 ಕಿಲೋ ಸಾರಜನಕ, ಹತ್ತಿರಹತ್ತಿರ 4 ಕಿಲೋ ಪೊಟ್ಯಾಸಿಯಂ ತೋಟ ಬಿಟ್ಟು ಗಾಣಕ್ಕೆ ಹೋಗುತ್ತದೆ. ಮಾರಿದ ಪ್ರತಿ ಶುಂಠಿ ಮೂಟೆಯಲ್ಲೂ ಅಂಥದೇ ಪಾಲಿದೆ. ಹೋದದ್ದು ಕೊಟ್ಟಿಗೆ ಗೊಬ್ಬರವಾಗಿಯೋ, ಹಿಂಡಿಯಾಗಿಯೋ, ಅಳೆದು ಹಾಕಿದ ರಾಸಾಯನಿಕ ಗೊಬ್ಬರವಾಗಿಯೋ ಹೊರಗಿನಿಂದಲೇ ಮರಳಬೇಕು. ಮಣ್ಣು ಪರೀಕ್ಷೆ ಮಾಡಿಸಿ, ಅದಕ್ಕೆ ತಕ್ಕ ಮೂಲಗೊಬ್ಬರ ಹಾಕಿ, ಹೂಬಿಡದ ಕಳೆಯ ಬಹುಪಾಲನ್ನು ಶುಂಠಿ ಮಡಿಗೆ ಹೊದಿಸಿ, ಉಳಿದ ಸ್ವಲ್ಪವನ್ನು ಡ್ರಮ್ಮಿಗೆ ತುಂಬಿ ಎರಡರಿಂದ ನಾಲ್ಕನೇ ತಿಂಗಳಲ್ಲಿ ರಸವಾಗಿ ಎರೆಯಿರಿ, ಹಿಪ್ಪೆಯನ್ನೂ ಮಡಿಗೇ ಹಿಂದಿರುಗಿಸಿ. ಈ ಕ್ರಮದಲ್ಲಿ ಬಳಸಿದರೆ ಕಳೆರಸ ಸಣ್ಣ ರೈತನಿಗೆ ನಂಬಿಕಸ್ತ ಪೂರಕ ಗೊಬ್ಬರ. ಅದೊಂದನ್ನೇ ನೆಚ್ಚಿ ಬೆಳೆ ಮಾಡಬೇಡಿ.